ಪಾಸ್ಟರ್ ಹೇಳಿದ ಪ್ರವಾದನೆ ನೆರವೇರಿದರೆ ಅವರು ನಿಜವಾದ ದೇವಸೇವಕರು ಎಂದು ನಂಬಬಹುದೇ?

ನಿಮ್ಮ ಪಾಸ್ಟರ್ ಹೇಳಿದ ಮೂರು ಪ್ರವಾದನೆ (ದೇವರೇ ತಿಳಿಸಿದ್ದೆಂದು ಹೇಳುವ ಮಾತು) ನೆರವೇರಿದವು, ನಾಲ್ಕನೆಯದು ತಪ್ಪಿತು, ತಪ್ಪಿದ್ದಕ್ಕೆ ನಿಮ್ಮ ಅಪನಂಬಿಕೆಯೇ ಕಾರಣ ಅಂದರು, ಪ್ರಶ್ನಿಸಿದರೆ ಶಾಪ ತಟ್ಟೀತೆಂಬ ಭಯ. ನೀವು ಬರೆದಿರುವ ಈ ಜಾಗದಲ್ಲಿ ನಾನೂ ನಿಂತಿದ್ದೆ. ಅದಕ್ಕೇ ನೇರವಾಗಿ ಹೇಳುತ್ತೇನೆ: ಎಷ್ಟು ನೆರವೇರಿದವು ಎಂದು ಎಣಿಸುವುದನ್ನು ಬಿಡಿ.

ನಾನು ಎಡವಿದ್ದು ಒಂದೇ ವಚನದಲ್ಲಿ. ಬೈಬಲಿನ ಧರ್ಮೋಪದೇಶಕಾಂಡ 18:22ರ ಪ್ರಕಾರ, ಪ್ರವಾದಿ ಯೆಹೋವನ, ಅಂದರೆ ದೇವರ, ಹೆಸರಿನಲ್ಲಿ ಹೇಳಿದ್ದು ನಡೆಯದಿದ್ದರೆ ಆ ಮಾತು ಯೆಹೋವನದಲ್ಲ. ಅದನ್ನು ನಾನು ತಿರುಗಿಸಿ ಓದಿಕೊಂಡೆ: ನಡೆದರೆ ಯೆಹೋವನದೇ. ವಚನ ಹಾಗೆ ಹೇಳುವುದೇ ಇಲ್ಲ. ತಪ್ಪಿದರೆ ಸುಳ್ಳು ಎಂಬುದು ಖಚಿತ; ನೆರವೇರಿದರೆ ಇನ್ನೂ ಏನೂ ತೀರ್ಮಾನವಾಗಿಲ್ಲ. ಐದು ಅಧ್ಯಾಯ ಹಿಂದಕ್ಕೆ ಹೋಗಿ, 13:1ರಿಂದ 3 ಓದಿ. ಹೇಳಿದ ಸೂಚನೆ ನಡೆದೇ ಹೋದರೂ ಆ ಪ್ರವಾದಿ ನಿಮ್ಮನ್ನು ಬೇರೆ ದೇವರ ಕಡೆ ಎಳೆದರೆ ಕಿವಿಗೊಡಬಾರದು ಎಂದು ಅಲ್ಲಿ ಸ್ಪಷ್ಟವಾಗಿದೆ. ಮತ್ತಾಯ 7:22ರಲ್ಲೂ ಯೇಸು ತಳ್ಳಿಬಿಡುವುದು ಪ್ರವಾದಿಸಿದವರನ್ನು, ದೆವ್ವ ಬಿಡಿಸಿದವರನ್ನು. ಅವರ ಅದ್ಭುತಗಳು ನಡೆಯಲೇ ಇಲ್ಲ ಎಂದು ಆತ ಹೇಳುವುದಿಲ್ಲ, ಗಮನಿಸಿ.

ಇನ್ನು ನೆರವೇರುವ ಬಗೆ. ಇನ್ನೂರು ಜನರ ಕೂಟದಲ್ಲಿ "ಇಲ್ಲಿ ಒಬ್ಬರಿಗೆ ಬೆನ್ನುನೋವಿದೆ" ಎಂದರೆ ಯಾರಾದರೂ ಕೈ ಎತ್ತಿಯೇ ಎತ್ತುತ್ತಾರೆ. ಸಾಕ್ಷಿ ಹೇಳಲು ವೇದಿಕೆ ಹತ್ತುವವರು ಫಲಿಸಿದವರು ಮಾತ್ರ, ಫಲಿಸದವರು ಮನೆಗೆ ಹೋಗಿರುತ್ತಾರೆ. ಪ್ರವಾದನೆ ಕೇಳಿದ ದಿನವೇ ತಾರೀಖು ಹಾಕಿ, ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿಡಿ. ಆರು ತಿಂಗಳಾದ ಮೇಲೆ ನೆನಪಿನಿಂದ ಹೇಳಿದರೆ, ನಡೆದ ಸಂಗತಿಗೆ ತಕ್ಕಂತೆ ಮಾತೂ ಬದಲಾಗಿರುತ್ತದೆ.

"ಅಭಿಷಿಕ್ತರನ್ನು (ದೇವರು ಆರಿಸಿಕೊಂಡವರನ್ನು) ಮುಟ್ಟಬೇಡಿ" ಎಂದು ಬಾಯಿ ಮುಚ್ಚಿಸುತ್ತಾರಲ್ಲ, ಆ ಕೀರ್ತನೆ 105ನ್ನು 9ನೇ ವಚನದಿಂದ 15ರವರೆಗೆ ಒಟ್ಟಿಗೆ ಓದಿ. ಅಲ್ಲಿರುವುದು ಅಬ್ರಹಾಮ, ಇಸಾಕ, ಯಾಕೋಬರು ಅಲೆಮಾರಿಗಳಾಗಿದ್ದ ಕಾಲ. ಕೇಡು ಮಾಡಬೇಡಿ ಎಂಬ ಗದರಿಕೆ ಅರಸರಿಗೆ. ಬೋಧಕರನ್ನು ಪ್ರಶ್ನಿಸಬಾರದು ಎಂಬ ಮಾತು ಅಲ್ಲೆಲ್ಲೂ ಇಲ್ಲ. ಅಭಿಷಿಕ್ತನಾದ ಅರಸ ದಾವೀದನ ಎದುರಿಗೇ ಪ್ರವಾದಿ ನಾತಾನನು ಅವನ ಪಾಪವನ್ನು ತೋರಿಸಿ "ಆ ಮನುಷ್ಯ ನೀನೇ" ಎಂದ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರ ಮುಂದೆ ಖಂಡಿಸಿದ. ಬೆರೋಯ ಎಂಬ ಊರಿನವರಂತೂ ಆ ಪೌಲನ ಬೋಧನೆಯನ್ನೇ ದಿನದಿನವೂ ಶಾಸ್ತ್ರದಲ್ಲಿ ಹುಡುಕಿ ನೋಡಿದರು, ಅದಕ್ಕೆ ಹೊಗಳಿಸಿಕೊಂಡರು. ನೀವೂ ಪ್ರಸಂಗದಲ್ಲಿ ಹೇಳಿದ ವಚನಗಳನ್ನು ಗುರುತುಮಾಡಿಕೊಂಡು ಮನೆಯಲ್ಲಿ ಒಂದೊಂದರ ಹಿಂದುಮುಂದಿನ ಹತ್ತು ವಚನ ಓದಿ. ಒಂದು ತಿಂಗಳು ಹೀಗೆ ಮಾಡಿದರೆ ಸಾಕು, ಮಾತು ವಚನದಿಂದ ಬರುತ್ತಿದೆಯೋ, ವಚನವನ್ನು ಮಾತಿಗೆ ತಂದು ಅಂಟಿಸಿದ್ದಾರೋ ಕಾಣುತ್ತದೆ.

ಹಣದ ವಿಷಯದಲ್ಲಿ ಮೊದಲ ಸಭೆಗಳು ನಮಗಿಂತ ಖಡಾಖಂಡಿತವಾಗಿದ್ದವು. "ದಿದಾಖೆ" ಎಂಬ ಪುರಾತನ ಕ್ರೈಸ್ತ ಬೋಧನೆಯ 11ನೇ ಅಧ್ಯಾಯದ ಪ್ರಕಾರ ಊರಿಗೆ ಬಂದ ಅಪೊಸ್ತಲ (ಊರೂರು ತಿರುಗುವ ಬೋಧಕ) ಒಂದು ದಿನ, ಅಗತ್ಯವಿದ್ದರೆ ಎರಡು ದಿನ ಇರಬಹುದು. ಮೂರು ದಿನ ಉಳಿದರೆ ಸುಳ್ಳು ಪ್ರವಾದಿ. ಹೊರಡುವಾಗ ರೊಟ್ಟಿಯ ಹೊರತು ಏನೂ ಒಯ್ಯಬಾರದು, ಹಣ ಕೇಳಿದರೂ ಸುಳ್ಳು ಪ್ರವಾದಿಯೇ. ಪೌಲನು ಕೂಡ ಕಾಣಿಕೆ ಸಾಗಿಸುವಾಗ ಸಭೆಗಳೇ ನೇಮಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡ (2 ಕೊರಿಂಥ 8:19ರಿಂದ 21). ನಿಮ್ಮ ಸಭೆಯ ಲೆಕ್ಕಪುಸ್ತಕವನ್ನು ಪಾಸ್ಟರ್ ಮನೆಯವರಲ್ಲದ ಇಬ್ಬರಾದರೂ ನೋಡುತ್ತಾರಾ? ಮರ್ಯಾದೆಯಿಂದಲೇ ಕೇಳಿ. ಲೆಕ್ಕ ತೋರಿಸುತ್ತಾರೋ, ನಿಮ್ಮ ಆತ್ಮಿಕ ಸ್ಥಿತಿಯ ಬಗ್ಗೆ ಮಾತು ತಿರುಗಿಸುತ್ತಾರೋ ನೋಡಿ.

ತಪ್ಪಿದ ಆ ನಾಲ್ಕನೆಯ ಪ್ರವಾದನೆಗೆ ನಿಮ್ಮ ನಂಬಿಕೆಯನ್ನು ಹೊಣೆ ಮಾಡಿದ್ದು ಅನ್ಯಾಯ. ಧರ್ಮೋಪದೇಶಕಾಂಡ 18:22 ಕೇಳುವವರ ನಂಬಿಕೆಯನ್ನು ಅಳೆಯುವುದೇ ಇಲ್ಲ, ಹೇಳಿದವನನ್ನು ಅಳೆಯುತ್ತದೆ. ಅವನಿಗೆ ನೀವು ಹೆದರಬೇಕಾಗಿಲ್ಲ ಎನ್ನುವುದು ಅದೇ ವಚನದ ಕೊನೆಯ ಮಾತು.