ಬೋಧನಾಭ್ಯಾಸಕ್ಕೆ ಹೊರಟವರ ಪ್ರಶ್ನೆಗಳು

ಬೋಧನಾಭ್ಯಾಸಕ್ಕೆ, ಅಂದರೆ ಶಾಲೆಗಳಲ್ಲಿ ಪಾಠ ಮಾಡಿ ಕಲಿಯಲು ಹೊರಟ ಶಿಕ್ಷಕ ತರಬೇತಿ ಕಾಲೇಜುಗಳ ವಿದ್ಯಾರ್ಥಿಗಳು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ. ಒಂದೇ ಬಗೆಯವನ್ನು ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಗಣಿತದ ಪಾಠ ಯೋಜನೆಯನ್ನು ಮೇಲ್ವಿಚಾರಕರು ಮತ್ತೆ ಮತ್ತೆ ವಾಪಸ್ ಕೊಡುತ್ತಿದ್ದಾರೆ. ‘ಉದ್ದೇಶ ಸ್ಪಷ್ಟವಿಲ್ಲ’ ಎಂದಷ್ಟೇ ಷರಾ. ‘ಮಕ್ಕಳು ಭಿನ್ನರಾಶಿಗಳ ಸಂಕಲನವನ್ನು ಅರ್ಥಮಾಡಿಕೊಳ್ಳುತ್ತಾರೆ’ ಎಂದು ಬರೆದಿದ್ದೆ. ತಪ್ಪೇನು?

ಉತ್ತರ: ಅರ್ಥವಾಯಿತೋ ಇಲ್ಲವೋ ನಿಮಗೆ ಹೇಗೆ ಗೊತ್ತಾಗುತ್ತದೆ ಎಂಬುದು ಆ ವಾಕ್ಯದಲ್ಲಿಲ್ಲ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಕಲಿಕೆಯ ಉದ್ದೇಶಗಳ ವರ್ಗೀಕರಣವನ್ನು ನೀವೂ ಬಾಯಿಪಾಠ ಮಾಡಿರುತ್ತೀರಿ. ಅದನ್ನು ಒಪ್ಪಿಸುವುದಕ್ಕಿಂತ ಉದ್ದೇಶದಲ್ಲಿ ಕಣ್ಣಿಗೆ ಕಾಣುವ ಕ್ರಿಯಾಪದ ಹಾಕುವುದು ಮುಖ್ಯ. ‘ಛೇದ ಬೇರೆ ಬೇರೆ ಇರುವ ಎರಡು ಭಿನ್ನರಾಶಿಗಳನ್ನು ಸಮಾನ ಛೇದಕ್ಕೆ ತಂದು ಕೂಡುತ್ತಾರೆ, ಐದು ಲೆಕ್ಕದಲ್ಲಿ ನಾಲ್ಕಾದರೂ ಸರಿ ಮಾಡುತ್ತಾರೆ’ ಎಂದು ಬರೆಯಿರಿ. ಆಗ ಪಾಠದ ಕೊನೆಗೆ ಯಾವ ಲೆಕ್ಕ ಕೊಡಬೇಕು ಎಂಬುದೂ ತಾನಾಗಿ ನಿಶ್ಚಯವಾಗುತ್ತದೆ.

ಇನ್ನೊಂದು ಅಂಕಣವನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ: ಮಕ್ಕಳು ಎಲ್ಲಿ ಎಡವಬಹುದು? ಈ ಪಾಠದಲ್ಲಿ ಅದು ಮೊದಲೇ ಗೊತ್ತಿರುವ ಸಂಗತಿ. 1/2 ಮತ್ತು 1/3 ಕೂಡಿಸಿ ಎಂದರೆ ಕೆಲವು ಮಕ್ಕಳಾದರೂ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಎಂದು ಬರೆಯುತ್ತಾರೆ. ‘ತಪ್ಪು’ ಎಂದು ಗೀಟು ಹಾಕಿ ಮುಂದೆ ಹೋದರೆ ನಾಳೆಯೂ ಅದೇ ಉತ್ತರ ಬರುತ್ತದೆ. ‘2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?’ ಎಂದು ಕೇಳಿ. ಕಡಿಮೆ ಎಂದು ಗೊತ್ತಾದ ಮಗುವಿಗೆ, ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಅರ್ಧಕ್ಕಿಂತ ಕಡಿಮೆಯಾಯಿತಲ್ಲ ಎಂಬ ಅನುಮಾನ ಹುಟ್ಟಬೇಕು. ಆಮೇಲೆ ಆರು ಚೌಕಗಳ ಕಾಗದದ ಪಟ್ಟಿ ಕೊಡಿ: ಅರ್ಧ ಎಂದರೆ ಮೂರು ಚೌಕ, ಮೂರನೆಯ ಒಂದು ಭಾಗ ಎಂದರೆ ಎರಡು ಚೌಕ, ಒಟ್ಟು ಆರರಲ್ಲಿ ಐದು. ಈ ಪ್ರಶ್ನೆ, ಈ ಪಟ್ಟಿ ಎರಡೂ ಯೋಜನೆಯಲ್ಲಿ ಬರೆದಿರಲಿ. ತರಗತಿಯಲ್ಲಿ ನಿಂತು ಹೊಳೆಯಲಿ ಎಂದು ಕಾಯಬೇಡಿ, ಹೊಳೆಯುವುದಿಲ್ಲ.

40 ನಿಮಿಷದ ಪೀರಿಯಡ್ ಆದರೆ ಸಮಾನ ಭಿನ್ನರಾಶಿಗಳ ನೆನಪಿಗೆ 5, ಪಟ್ಟಿಯ ಕೆಲಸಕ್ಕೆ 10, ಬೋರ್ಡ್ ಮೇಲೆ ಎಲ್ಲರೂ ಸೇರಿ ಮಾಡಲು 10, ಒಬ್ಬೊಬ್ಬರೇ ಮಾಡಲು 10, ಕೊನೆಯ ಪರೀಕ್ಷೆಗೆ 5 ನಿಮಿಷ ಇಟ್ಟುಕೊಳ್ಳಿ. ಸಮಯ ಸಾಲದಿದ್ದರೆ ಬೋರ್ಡ್ ಮೇಲಿನ ಉದಾಹರಣೆಗಳಲ್ಲಿ ಒಂದೆರಡು ಬಿಡಿ. ಕೊನೆಯ 5 ನಿಮಿಷ ಮಾತ್ರ ಮುಟ್ಟಬೇಡಿ. ಪೀಠಿಕೆಯನ್ನೇ ಕಾಲು ಗಂಟೆ ಎಳೆದು, ಮೌಲ್ಯಮಾಪನದ ಹೊತ್ತಿಗೆ ಗಂಟೆ ಹೊಡೆಸಿಕೊಳ್ಳುವುದು ಬೋಧನಾಭ್ಯಾಸದಲ್ಲಿ ತೀರಾ ಸಾಮಾನ್ಯ.

ಪ್ರಶ್ನೆ: ಸೀನಿಯರ್‌ಗಳ ಪಾಠ ಯೋಜನೆಯ ರೆಕಾರ್ಡ್ ನೋಡಿ ಬರೆದರೆ ತಪ್ಪೇ? ಈಗ ಎಐ ಕೂಡ ನಿಮಿಷದಲ್ಲಿ ಪಾಠ ಯೋಜನೆ ಬರೆದುಕೊಡುತ್ತದೆ.

ಉತ್ತರ: ನಮೂನೆ ತಿಳಿಯಲು ನೋಡಬಹುದು. ಎಐ ಬಳಸಬಹುದೋ ಇಲ್ಲವೋ, ಬಳಸಿದರೆ ಹೇಗೆ ತಿಳಿಸಬೇಕು ಎಂಬುದಕ್ಕೆ ನಿಮ್ಮ ಕಾಲೇಜಿನ ನಿಯಮವೇ ಅಂತಿಮ. ಆದರೆ ಎರವಲು ಯೋಜನೆ ಸಿಕ್ಕಿಬೀಳುವುದು ಬರವಣಿಗೆಯಿಂದಲ್ಲ. ‘ಈ ಚಟುವಟಿಕೆಗೆ ನಾಲ್ವರ ಗುಂಪು ಯಾಕೆ? ಕೊನೆಯ ಬೆಂಚಿನ, ಓದಲು ಕಷ್ಟಪಡುವ ಮಗು ಆಗ ಏನು ಮಾಡುತ್ತಿರುತ್ತದೆ?’ ಎಂದು ಕೇಳಿದಾಗ ಬಾಯಿ ಕಟ್ಟುತ್ತದೆ. ಯಾವ ತರಗತಿಯನ್ನೂ ನೋಡದೆ ಬರೆದ ಯೋಜನೆಯಲ್ಲಿ ಆ ಮಗು ಇರುವುದೇ ಇಲ್ಲ.

ಪ್ರಶ್ನೆ: ಸೂಕ್ಷ್ಮ ಬೋಧನೆಯಲ್ಲಿ ಸಹಪಾಠಿಗಳೇ ಮಕ್ಕಳಾಗಿ ಕೂರುತ್ತಾರೆ, ಆರು ನಿಮಿಷದಲ್ಲಿ ಮುಗಿಯುತ್ತದೆ. ನಾಟಕ ಅನ್ನಿಸುತ್ತದೆ. ಇದರಿಂದ ಪ್ರಯೋಜನವಿದೆಯೇ?

ಉತ್ತರ: ನಾಟಕವೇ ಸರಿ, ಆದರೆ ತಾಲೀಮಿನ ಹಂತದ್ದು. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ಈ ಪದ್ಧತಿ ರೂಪಿಸಿದ್ದು, ಒಂದು ಸಲಕ್ಕೆ ಒಂದೇ ಕೌಶಲದ ಮೇಲೆ ಗಮನ ನಿಲ್ಲಲಿ ಎಂದು. ರೂಢಿಯಲ್ಲಿರುವ ಒಂದು ಸುತ್ತು 36 ನಿಮಿಷದ್ದು: ಬೋಧನೆ 6, ಹಿಮ್ಮಾಹಿತಿ (ನೋಡಿದವರ ಅಭಿಪ್ರಾಯ) 6, ಮರುಯೋಜನೆ 12, ಮರುಬೋಧನೆ 6, ಮತ್ತೆ ಹಿಮ್ಮಾಹಿತಿ 6. ಮರುಯೋಜನೆಗೆ ಬೋಧನೆಯ ಎರಡು ಪಟ್ಟು ಸಮಯ ಕೊಟ್ಟಿರುವುದನ್ನು ಗಮನಿಸಿ. ಮೊದಲ ಆರು ನಿಮಿಷ ಮುಗಿಸಿ, ಚಪ್ಪಾಳೆ ತಟ್ಟಿಸಿಕೊಂಡು, ಉಳಿದ ಮೂವತ್ತನ್ನು ಬಿಟ್ಟರೆ ಪ್ರಯೋಜನವಿಲ್ಲ. ‘ಚೆನ್ನಾಗಿತ್ತು’ ಎನ್ನುವ ಗೆಳೆಯರಿಗೆ ಎಣಿಸುವ ಕೆಲಸ ಕೊಡಿ: ಎಷ್ಟು ಪ್ರಶ್ನೆ ಕೇಳಿದೆ, ಅದರಲ್ಲಿ ‘ಹೌದು–ಇಲ್ಲ’ ಉತ್ತರದವು ಎಷ್ಟು, ಬೋರ್ಡಿಗೆ ತಿರುಗಿ ನಿಂತೇ ಎಷ್ಟು ಹೊತ್ತು ಮಾತಾಡಿದೆ.

ಪ್ರಶ್ನೆ: ಪ್ರಶ್ನೆ ಕೇಳಿದರೆ ಮುಂದಿನ ಸಾಲಿನ ಅದೇ ಮೂವರು ಕೈಯೆತ್ತುತ್ತಾರೆ. ಉಳಿದವರು ಗಲಾಟೆ ಮಾಡುತ್ತಾರೆ. ‘ತರಗತಿ ನಿರ್ವಹಣೆ ಸಾಲದು’ ಎಂದು ಅಂಕ ಕಳೆದಿದ್ದಾರೆ.

ಉತ್ತರ: ಎರಡೂ ಒಂದೇ ಸಮಸ್ಯೆ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಅಭ್ಯಸಿಸಿ ತೋರಿಸಿದ್ದು ಇದು: ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. ನಿಂತವರಿಗೆ ಆ ಮೂರು ಸೆಕೆಂಡು ಯುಗವಾಗುತ್ತದೆ, ಅದಕ್ಕೇ ನಾವೇ ಉತ್ತರ ಹೇಳಿಬಿಡುತ್ತೇವೆ. ಮನಸ್ಸಿನಲ್ಲೇ ಎಣಿಸಿ.

ಕ್ರಮವೂ ಮುಖ್ಯ. ಮೊದಲು ಪ್ರಶ್ನೆ, ಆಮೇಲೆ ಮೌನ, ಕೊನೆಗೆ ಹೆಸರು. ಹೆಸರು ಮೊದಲು ಕೂಗಿದರೆ ಉಳಿದವರಿಗೆ ಆ ಪ್ರಶ್ನೆ ತಮ್ಮದಲ್ಲ ಎಂದಾಗುತ್ತದೆ. ಹಾಗೆಯೇ ಸಾಮಗ್ರಿ ಹಂಚುವ ಮುಂಚೆಯೇ ಸೂಚನೆ ಕೊಡಿ, ಒಬ್ಬ ಮಗುವಿನ ಬಾಯಲ್ಲಿ ಅದನ್ನು ಮತ್ತೆ ಹೇಳಿಸಿ. ಕೈಗೆ ಪಟ್ಟಿ ಬಂದ ಮೇಲೆ ಯಾರಿಗೂ ನಿಮ್ಮ ಮಾತು ಬೇಡ. ಗಲಾಟೆಯ ಮೇಲೆ ಧ್ವನಿ ಏರಿಸಿದರೆ ಗಲಾಟೆಯೂ ಏರುತ್ತದೆ. ಮಾತು ನಿಲ್ಲಿಸಿ ಆ ಬೆಂಚಿನ ಪಕ್ಕ ಹೋಗಿ ನಿಂತರೆ ಹೆಚ್ಚಿನ ಸಲ ಅಷ್ಟೇ ಸಾಕು.

ಪ್ರಶ್ನೆ: ಅವಲೋಕನದ ರೆಕಾರ್ಡಿನಲ್ಲಿ ಏನು ಬರೆಯಬೇಕು? ಪ್ರತಿದಿನ ‘ಪಾಠ ಪರಿಣಾಮಕಾರಿಯಾಗಿತ್ತು’ ಎಂದೇ ಆಗುತ್ತಿದೆ.

ಉತ್ತರ: ಅದು ತೀರ್ಪು, ಅವಲೋಕನವಲ್ಲ. ಕಂಡದ್ದು, ಕೇಳಿದ್ದು ಬರೆಯಿರಿ. ತರಗತಿಯಲ್ಲಿ ಯಾರು ಎಷ್ಟು ಮಾತಾಡಿದರು ಎಂದು ದಾಖಲಿಸುವ ಫ್ಲ್ಯಾಂಡರ್ಸ್ ಪದ್ಧತಿಯಲ್ಲಿ ಮೂರು ಸೆಕೆಂಡಿಗೊಮ್ಮೆ ಒಂದು ಗುರುತು ಹಾಕುತ್ತಾರೆ. ಗುರುತಿನ ಹತ್ತು ವರ್ಗಗಳಲ್ಲಿ ಏಳು ಶಿಕ್ಷಕರ ಮಾತಿಗೆ, ಎರಡು ವಿದ್ಯಾರ್ಥಿಗಳ ಮಾತಿಗೆ, ಒಂದು ಮೌನ ಅಥವಾ ಗೊಂದಲಕ್ಕೆ. ಅಷ್ಟು ಕಷ್ಟವಾದರೆ ಮಕ್ಕಳು ಕೂತ ಜಾಗದ ನಕ್ಷೆ ಬರೆದುಕೊಂಡು, ಮಾತಾಡಿದ ಮಗುವಿನ ಚೌಕದಲ್ಲಿ ಒಂದೊಂದು ಗೆರೆ ಎಳೆಯಿರಿ. ಪೀರಿಯಡ್ ಮುಗಿದಾಗ ಖಾಲಿ ಉಳಿದ ಚೌಕಗಳೇ ಬರೆಯಲು ಬೇಕಾದಷ್ಟು ಕೊಡುತ್ತವೆ.

ಪ್ರಶ್ನೆ: ಶಾಲೆಯ ಮಾರ್ಗದರ್ಶಕ ಶಿಕ್ಷಕರು ಹೇಳುವುದು ಒಂದು, ಕಾಲೇಜಿನವರು ಕಲಿಸಿದ್ದು ಇನ್ನೊಂದು. ಯಾರ ಮಾತು ಕೇಳಲಿ?

ಉತ್ತರ: ತರಗತಿ ಅವರದು, ನೀವು ಅತಿಥಿ. ಪಾಠದ ಕ್ರಮ, ಶಿಸ್ತಿನ ನಿಯಮ, ಪುಸ್ತಕ ತಿದ್ದುವ ರೀತಿ ಅವರದೇ ಇರಲಿ. ಹೊಸ ವಿಧಾನ ಪ್ರಯತ್ನಿಸಬೇಕಿದ್ದರೆ ‘ನಿಮ್ಮದು ಹಳೆಯದು’ ಎನ್ನುವ ಧಾಟಿ ಬೇಡ. ‘ಮೇಡಂ, ಈ ಒಂದು ಪೀರಿಯಡ್ ಹೀಗೆ ಮಾಡಿ ನೋಡಲೇ? ಕೊನೆಗೆ ಐದು ಲೆಕ್ಕ ಕೊಟ್ಟು ಫಲಿತಾಂಶ ತೋರಿಸುತ್ತೇನೆ’ ಎಂದು ಕೇಳಿ. ಯೋಜನೆಯನ್ನು ಹಿಂದಿನ ದಿನವೇ ಅವರ ಕೈಗೆ ಕೊಡಿ. ಬೆಳಗ್ಗೆ ತರಗತಿಯ ಬಾಗಿಲಲ್ಲಿ ಸಹಿಗೆ ನಿಂತರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಪ್ರಶ್ನೆ: ಒಬ್ಬ ವಿದ್ಯಾರ್ಥಿನಿ ಮನೆಯಲ್ಲಿ ಹೊಡೆಯುತ್ತಾರೆಂದು ಹೇಳಿ, ಯಾರಿಗೂ ಹೇಳಬೇಡಿ ಎಂದಳು. ನನ್ನ ಫೋನ್ ನಂಬರನ್ನೂ ಕೇಳಿದಳು.

ಉತ್ತರ: ಗುಟ್ಟು ಕಾಯುವ ಮಾತು ಕೊಡಬೇಡಿ. ‘ನೀನು ಹೇಳಿದ್ದು ಒಳ್ಳೆಯದಾಯಿತು. ನಿನಗೆ ಸಹಾಯ ಮಾಡಬಲ್ಲವರಿಗೆ ನಾನು ತಿಳಿಸಲೇಬೇಕು’ ಎಂದು ಸಮಾಧಾನವಾಗಿ ಹೇಳಿ. ಕೆದಕಿ ಕೇಳಬೇಡಿ, ಉತ್ತರ ಸೂಚಿಸುವ ಪ್ರಶ್ನೆಯಂತೂ ಬೇಡವೇ ಬೇಡ. ಅವಳ ಮಾತನ್ನು ಅವಳ ಪದಗಳಲ್ಲೇ, ದಿನಾಂಕ ಮತ್ತು ಸಮಯದೊಂದಿಗೆ ಬರೆದಿಟ್ಟು, ಕೂಡಲೇ ಶಾಲೆಯ ಮುಖ್ಯಸ್ಥರಿಗೆ ಅಥವಾ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಿಳಿಸಿ. ನಿಮ್ಮ ಮೇಲ್ವಿಚಾರಕರಿಗೂ ಗೊತ್ತಿರಲಿ. ಸ್ಟಾಫ್‌ರೂಮಿನಲ್ಲಿ, ಗೆಳೆಯರ ಗ್ರೂಪಿನಲ್ಲಿ ಈ ಮಾತು ಬರಕೂಡದು. ಫೋನ್ ನಂಬರ್ ಕೊಡಬೇಡಿ; ಯಾವ ಮಗುವಿಗೂ ಖಾಸಗಿ ಮೆಸೇಜ್ ಬೇಡ. ಬೋಧನೋಪಕರಣದ ಫೋಟೋ ತೆಗೆಯುವಾಗ ಮಕ್ಕಳ ಮುಖ ಬಂದರೆ, ಶಾಲೆ ಮತ್ತು ಪೋಷಕರ ಒಪ್ಪಿಗೆ ಇಲ್ಲದೆ ಎಲ್ಲೂ ಹಾಕಬೇಡಿ.

ಪ್ರಶ್ನೆ: ಒಂದು ದಿನ ಜ್ವರ ಬಂದು ಹೋಗಲಾಗಲಿಲ್ಲ. ಅಷ್ಟಕ್ಕೇ ಇಷ್ಟು ದೊಡ್ಡ ರಾದ್ಧಾಂತವೇ?

ಉತ್ತರ: ಜ್ವರಕ್ಕಲ್ಲ, ತಿಳಿಸದೇ ಇದ್ದುದಕ್ಕೆ. ನೀವು ಬರುತ್ತೀರೆಂದು ಒಂದು ತರಗತಿಯ ಮಕ್ಕಳು ಕೂತಿರುತ್ತಾರೆ. ಶಾಲೆಗೂ ಕಾಲೇಜಿಗೂ ಮೊದಲ ಗಂಟೆಗೆ ಮುಂಚೆ ತಿಳಿಸಿ. ಆ ದಿನದ ಯೋಜನೆ ಮತ್ತು ಅಭ್ಯಾಸ ಹಾಳೆಯನ್ನು ಮಾರ್ಗದರ್ಶಕರಿಗೆ ಕಳಿಸಿ. ತಪ್ಪಿದ ದಿನವನ್ನು ತುಂಬಿಕೊಡಬೇಕೋ ಇಲ್ಲವೋ ಎಂದು ಅದೇ ವಾರ ಬರಹದಲ್ಲಿ ಕೇಳಿಕೊಳ್ಳಿ. ಅವಧಿ ಮುಗಿದ ಮೇಲೆ ಹಾಜರಿ ಕಡಿಮೆ ಎಂದು ಗೊತ್ತಾದರೆ, ಆ ಹೊತ್ತಿಗೆ ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿರುತ್ತದೆ. ಪಾಠ ಮಾಡಲು ತರಗತಿಯೇ ಸಿಗುವುದಿಲ್ಲ.