ಅಪ್ಪನ ಲ್ಯಾಪ್‌ಟಾಪಿಗೆ ನಕಲಿ ಆಂಟಿವೈರಸ್ ಹೊಕ್ಕಿದೆ. ಅದನ್ನು ತೆಗೆಯಲು ಯಾವ ಆಂಟಿವೈರಸ್ ಕೊಳ್ಳಬೇಕು?

ಯಾವುದನ್ನೂ ಕೊಳ್ಳಬೇಡಿ. ಅಪ್ಪನ ಪಾಸ್‌ವರ್ಡ್‌ಗಳನ್ನು ಆ ಲ್ಯಾಪ್‌ಟಾಪಿನಲ್ಲೇ ಬದಲಾಯಿಸಲು ಕೂತಿದ್ದರೆ ಈಗಲೇ ಕೈಬಿಡಿ. ವೈಫೈ ಆಫ್ ಮಾಡಿ, ಆಮೇಲೆ ಮುಂದೆ ಓದಿ.

ಪರದೆ ತುಂಬ ಎಚ್ಚರಿಕೆ ಬಂತು, ಅಪ್ಪ ‘ಸರಿಪಡಿಸಿ’ ಒತ್ತಿದರು, ಒಂದು ಫೈಲ್ ಇಳಿಯಿತು, ಅದನ್ನು ತೆರೆದರು, ಈಗ ‘ನಿಮ್ಮ ಪಾಸ್‌ವರ್ಡ್ ಕದಿಯುತ್ತಿದ್ದಾರೆ, ಹಣ ಕಟ್ಟಿ’ ಎಂದು ಪೀಡಿಸುತ್ತಿದೆ ಎಂದು ಬರೆದಿದ್ದೀರಿ. ಪಾಸ್‌ವರ್ಡಿನ ಆ ಮಾತು ಓದಿದಾಗ ನನಗೆ 2010ರ ಜನವರಿ ಕಣ್ಣಮುಂದೆ ಬಂತು. ನಮ್ಮನ್ನು ಹಾಳು ಮಾಡಿದ್ದು ಅದೇ ಮಾತು.

ಆಗ ಮನೆಗೆಲ್ಲ ಒಂದೇ ಕಂಪ್ಯೂಟರ್, ವಿಂಡೋಸ್ ಎಕ್ಸ್‌ಪಿ. ಅಕ್ಕ ಏನೋ ಹುಡುಕುತ್ತಿದ್ದಾಗ ಬ್ರೌಸರಿನೊಳಗೇ ‘ಮೈ ಕಂಪ್ಯೂಟರ್’ನಂಥ ಕಿಟಕಿ ತೆರೆದುಕೊಂಡಿತು. ಸಿ ಡ್ರೈವ್, ಡಿ ಡ್ರೈವ್ ಎಂದು ಸಾಲಾಗಿ ತೋರಿಸಿತು, ಹಸಿರು ಪಟ್ಟಿ ಎಡದಿಂದ ಬಲಕ್ಕೆ ಓಡಿತು, ಕೆಳಗೆ ಕೆಂಪಕ್ಷರದಲ್ಲಿ ವೈರಸ್‌ಗಳ ಹೆಸರು ಬೀಳತೊಡಗಿದವು. ಅದು ಸ್ಕ್ಯಾನ್ ಅಲ್ಲವೇ ಅಲ್ಲ. ವೆಬ್ ಪುಟದಲ್ಲಿ ಓಡುವ ಅನಿಮೇಷನ್, ಯಾರ ಕಂಪ್ಯೂಟರಿನಲ್ಲಿ ತೆರೆದರೂ ಅದೇ ಹೆಸರು, ಅದೇ ಪಟ್ಟಿ. ನಮ್ಮ ಕಂಪ್ಯೂಟರಿನಲ್ಲಿ ಡಿ ಡ್ರೈವೇ ಇರಲಿಲ್ಲ. ಆ ಗಾಬರಿಯಲ್ಲಿ ಅದು ಅಕ್ಕನಿಗೆ ಹೊಳೆಯಲಿಲ್ಲ, ಹೊಳೆಯಬೇಕಿತ್ತು ಎಂದು ಅವಳನ್ನು ದೂರುವುದೂ ಸರಿಯಲ್ಲ. ಕಿಟಕಿ ಮುಚ್ಚೋಣ ಎಂದು ಮೂಲೆಯ ಅಡ್ಡಗುರುತು ಒತ್ತಿದಳು. ಆ ಅಡ್ಡಗುರುತೂ ಚಿತ್ರದ ಭಾಗವೇ. ಎಲ್ಲಿ ಒತ್ತಿದರೂ ಡೌನ್‌ಲೋಡ್ ಶುರುವಾಗುವಂತೆ ಅಂಥ ಪುಟಗಳನ್ನು ಕಟ್ಟಿರುತ್ತಾರೆ. ಹಾಗಾಗಿ ದಯವಿಟ್ಟು ನಿಮ್ಮ ಅಪ್ಪನನ್ನು ಬೈಯಬೇಡಿ.

ನಮ್ಮಲ್ಲಿ ಬಂದು ಕೂತದ್ದು ‘ಸೆಕ್ಯುರಿಟಿ ಟೂಲ್’ ಎಂಬ ಹೆಸರಿನದು. ಯಾವ ಪ್ರೋಗ್ರಾಂ ತೆರೆದರೂ ‘ಇದಕ್ಕೆ ವೈರಸ್ ತಗುಲಿದೆ’ ಎಂದು ಮುಚ್ಚಿಬಿಡುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆಯಲು ಬಿಡಲಿಲ್ಲ, ನೋಟ್‌ಪ್ಯಾಡನ್ನೂ ಬಿಡಲಿಲ್ಲ. ಪರದೆಯ ಕೆಳಮೂಲೆಯಲ್ಲಿ ಮತ್ತೆಮತ್ತೆ ಒಂದು ಗುಳ್ಳೆ ಏಳುತ್ತಿತ್ತು: ‘ಐಇಮಾನ್‌ಸ್ಟರ್ ಎಂಬ ಸ್ಪೈವೇರ್ ಪತ್ತೆಯಾಗಿದೆ, ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್, ಮೊಜಿಲ್ಲಾ ಫೈರ್‌ಫಾಕ್ಸ್, ಔಟ್‌ಲುಕ್‌ಗಳಿಂದ ಪಾಸ್‌ವರ್ಡ್ ಕದಿಯಲು ನೋಡುತ್ತಿದೆ.’ ಇದಕ್ಕೆ ನಾವು ಹಣ ಕಟ್ಟಲಿಲ್ಲ. ಎಫ್8 ಒತ್ತಿ, ಅತ್ಯಗತ್ಯ ಭಾಗಗಳಷ್ಟೇ ನಡೆಯುವ ಸೇಫ್ ಮೋಡಿಗೆ ಹೋದೆ. ಅಪ್ಲಿಕೇಷನ್ ಡೇಟಾ ಫೋಲ್ಡರಿನಲ್ಲಿ ಬರೀ ಅಂಕೆಗಳೇ ಹೆಸರಾಗಿದ್ದ ಒಂದು ಫೋಲ್ಡರ್, ಅದರೊಳಗೆ ಅಂಕೆಗಳೇ ಹೆಸರಾಗಿದ್ದ ಒಂದು ಇಎಕ್ಸ್‌ಇ (ಓಡಿಸಬಲ್ಲ ಪ್ರೋಗ್ರಾಂ) ಫೈಲ್ ಸಿಕ್ಕಿತು. ಅಳಿಸಿದೆ. ಸ್ನೇಹಿತನ ಪೆನ್ ಡ್ರೈವಿನಿಂದ ಮಾಲ್‌ವೇರ್‌ಬೈಟ್ಸ್ ಎಂಬ ವೈರಸ್ ತೆಗೆಯುವ ತಂತ್ರಾಂಶ ತಂದು, ಅದನ್ನೂ ತಡೆದೀತೆಂದು ಫೈಲಿನ ಹೆಸರನ್ನು ‘ಎಕ್ಸ್‌ಪ್ಲೋರರ್’ ಎಂದು ಬದಲಿಸಿ ಓಡಿಸಿದೆ. ಸಿಕ್ಕಿದ್ದನ್ನೆಲ್ಲ ತೆಗೆಸಿ ಮತ್ತೊಮ್ಮೆ ಓಡಿಸಿದರೆ ಏನೂ ಇಲ್ಲ ಎಂದಿತು. ಗುಳ್ಳೆ ನಿಂತಿತು. ಮನೆಯವರೆಲ್ಲ ಮೆಚ್ಚಿಕೊಂಡರು.

ತಪ್ಪಾದದ್ದು ಇದರ ನಂತರ. ನಿಮಗೆ ಬೇಕಾದ್ದು ಇದೊಂದೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಆ ಗುಳ್ಳೆಯ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು. ಸುಳ್ಳು ಎಚ್ಚರಿಕೆ ಎಂದು ಗೊತ್ತಿದ್ದರೂ, ಇರಲಿ, ಪಾಸ್‌ವರ್ಡ್ ಬದಲಿಸಿದರೆ ನಷ್ಟವೇನು ಎಂದುಕೊಂಡೆ. ಅದೇ ಸಂಜೆ, ಅದೇ ಕಂಪ್ಯೂಟರಿನಲ್ಲಿ ಕೂತು ಮನೆಯವರೆಲ್ಲರ ಇಮೇಲ್ ಪಾಸ್‌ವರ್ಡ್ ಬದಲಾಯಿಸಿದೆ. ಬದಲಾಯಿಸಬೇಕೆಂದರೆ ಹಳೆಯದನ್ನೂ ಟೈಪ್ ಮಾಡಬೇಕು, ಹೊಸದನ್ನೂ ಟೈಪ್ ಮಾಡಬೇಕು. ನಮ್ಮಪ್ಪ ತಿಂಗಳಿಗೊಮ್ಮೆಯೂ ಇಮೇಲ್ ತೆರೆಯುತ್ತಿರಲಿಲ್ಲ. ಆ ಪಾಸ್‌ವರ್ಡನ್ನು ಆ ಕಂಪ್ಯೂಟರಿನಲ್ಲಿ ಬಹಳ ದಿನದಿಂದ ಯಾರೂ ಒತ್ತಿರಲಿಲ್ಲ. ಅಂದರೆ ಆವರೆಗೆ ಅದು ಸುರಕ್ಷಿತವಾಗಿಯೇ ಇತ್ತು. ರಿಕವರಿಗೆಂದು ಕೊಟ್ಟಿದ್ದ ಎರಡನೇ ಇಮೇಲ್ ವಿಳಾಸದ ಪಾಸ್‌ವರ್ಡನ್ನೂ, ಗುಪ್ತ ಪ್ರಶ್ನೆಯ ಉತ್ತರವನ್ನೂ ಅದೇ ಹೊತ್ತಿನಲ್ಲಿ ಹೊಸದು ಮಾಡಿದೆ. ಒಂದು ಖಾತೆ ಕೈತಪ್ಪಿದರೆ ವಾಪಸ್ ಪಡೆಯಲು ಏನೆಲ್ಲ ಬೇಕೋ ಅಷ್ಟನ್ನೂ ಅದೇ ಕೀಬೋರ್ಡಿನಲ್ಲಿ ಒತ್ತಿದ್ದೆ.

ಒಂದು ಸುಳಿವು ಕಣ್ಣೆದುರೇ ಇತ್ತು. ಗೂಗಲ್‌ನಲ್ಲಿ ಹುಡುಕಿ ಮೊದಲ ಫಲಿತಾಂಶ ಒತ್ತಿದರೆ ಬೇರೆ ಯಾವುದೋ ಜಾಹೀರಾತಿನ ಪುಟಕ್ಕೆ ಹೋಗುತ್ತಿತ್ತು. ಹಿಂದೆ ಬಂದು ಮತ್ತೆ ಒತ್ತಿದರೆ ಸರಿಯಾದ ಪುಟ ತೆರೆಯುತ್ತಿತ್ತು. ಇಂಟರ್ನೆಟ್ ನಿಧಾನ ಎಂದು ಸುಮ್ಮನಾದೆ.

ಆಮೇಲೆ ಅಪ್ಪನ ಇಮೇಲ್ ವಿಳಾಸದಿಂದ ಬಂಧುಬಳಗಕ್ಕೆಲ್ಲ ಪತ್ರ ಹೋಯಿತು: ಪರದೇಶದಲ್ಲಿದ್ದೇನೆ, ಚೀಲ ಕಳುವಾಗಿದೆ, ಹೋಟೆಲ್ ಬಾಕಿ ಕಟ್ಟಬೇಕು, ತುರ್ತಾಗಿ ಹಣ ಕಳಿಸಿ. ಹೆಚ್ಚಿನವರು ಫೋನ್ ಮಾಡಿ ವಿಚಾರಿಸಿದರು. ಚಿಕ್ಕಪ್ಪ ವಿಚಾರಿಸಲಿಲ್ಲ. ಅಣ್ಣ ಕಷ್ಟದಲ್ಲಿದ್ದಾನೆಂದರೆ ಪ್ರಶ್ನೆ ಕೇಳುವವರಲ್ಲ ಅವರು. ಕಳಿಸಿಬಿಟ್ಟರು. ಖಾತೆಯೊಳಗೆ ಹೋಗೋಣವೆಂದರೆ ಪಾಸ್‌ವರ್ಡ್ ಬದಲಾಗಿತ್ತು, ರಿಕವರಿ ವಿಳಾಸವೂ ಕಳ್ಳರ ಕೈಯಲ್ಲಿತ್ತು. ಆ ಖಾತೆ ನಮಗೆ ಮತ್ತೆ ಸಿಗಲಿಲ್ಲ, ಹಣವೂ ಬರಲಿಲ್ಲ.

ಕಾರಣ ಗೊತ್ತಾದದ್ದು ಫೆಬ್ರುವರಿಯಲ್ಲಿ, ತೀರ ಅನಿರೀಕ್ಷಿತವಾಗಿ. ವಿಂಡೋಸ್ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದ ಕಂಪ್ಯೂಟರ್ ನೀಲಿ ಪರದೆ ತೋರಿಸಿ ಮತ್ತೆ ರೀಸ್ಟಾರ್ಟ್, ಮತ್ತೆ ನೀಲಿ ಪರದೆ. ನಮಗೊಬ್ಬರಿಗೇ ಅಲ್ಲ, ಆ ತಿಂಗಳು ಎಂಎಸ್10-015 ಎಂಬ ಅಪ್‌ಡೇಟ್ ಹಾಕಿಕೊಂಡ ಬಹಳಷ್ಟು ಎಕ್ಸ್‌ಪಿ ಕಂಪ್ಯೂಟರುಗಳಿಗೆ ಹೀಗೇ ಆಗಿತ್ತು. ಎಲ್ಲರೂ ಮೈಕ್ರೋಸಾಫ್ಟನ್ನು ಬೈದರು. ಕಂಪನಿ ಪರಿಶೀಲಿಸಿ ಹೇಳಿದ್ದೇನೆಂದರೆ, ಕೆಟ್ಟು ನಿಂತ ಕಂಪ್ಯೂಟರುಗಳಲ್ಲಿ ಅಲ್ಯುರಿಯನ್ ಎಂಬ ರೂಟ್‌ಕಿಟ್, ಅಂದರೆ ವಿಂಡೋಸಿನ ಒಳಗೇ ಅಡಗಿ ಕೂರುವ ಕೆಟ್ಟ ತಂತ್ರಾಂಶ, ಮೊದಲೇ ಹೊಕ್ಕಿದೆ. ಟಿಡಿಎಸ್ಎಸ್ ಎಂದೂ ಅದನ್ನು ಕರೆಯುತ್ತಾರೆ. ವಿಂಡೋಸಿನ ತಿರುಳಾದ ಕರ್ನೆಲ್‌ನ ಕೆಲವು ವಿಳಾಸಗಳು ಇಂಥಲ್ಲೇ ಇರುತ್ತವೆ ಎಂದು ನಂಬಿ ಆ ರೂಟ್‌ಕಿಟ್ ಬರೆದಿದ್ದರು. ಅಪ್‌ಡೇಟ್ ಆದಾಗ ಆ ವಿಳಾಸಗಳು ಬದಲಾದವು, ಕಂಪ್ಯೂಟರ್ ಕುಸಿಯಿತು. ಇಂಟರ್ನೆಟ್ ಸಂಚಾರದ ನಡುವೆ ಕೂತು ಬಳಕೆದಾರರ ಹೆಸರು, ಪಾಸ್‌ವರ್ಡ್, ಕಾರ್ಡ್ ವಿವರ ಹೆಕ್ಕುವುದೇ ಆ ಗುಂಪಿನ ಟ್ರೋಜನ್‌ಗಳ, ಅಂದರೆ ವೇಷ ಹಾಕಿ ಒಳಬರುವ ಕೆಟ್ಟ ಪ್ರೋಗ್ರಾಂಗಳ, ಕೆಲಸ. ಹುಡುಕಾಟದ ಫಲಿತಾಂಶಗಳನ್ನು ದಾರಿ ತಪ್ಪಿಸುವುದೂ ಅವುಗಳದೇ ಲಕ್ಷಣ.

ಹಾಗಾದರೆ ಸ್ಕ್ಯಾನ್ ಮಾಡಿದಾಗ ‘ಏನೂ ಇಲ್ಲ’ ಎಂದದ್ದೇಕೆ? ಆಂಟಿವೈರಸ್ ತಾನಾಗಿ ಡಿಸ್ಕ್ ಓದುವುದಿಲ್ಲ, ಈ ಫೈಲ್ ಕೊಡು ಎಂದು ವಿಂಡೋಸನ್ನು ಕೇಳುತ್ತದೆ. ರೂಟ್‌ಕಿಟ್ ಕೂತಿರುವುದು ಆ ಎರಡರ ನಡುವೆ, ಡಿಸ್ಕನ್ನು ನಡೆಸುವ ತಂತ್ರಾಂಶದಲ್ಲೇ, ಅಂದರೆ ಅದರ ಡ್ರೈವರಿನಲ್ಲೇ. ಕೆಟ್ಟ ಫೈಲ್ ಕೇಳಿದರೆ ಶುದ್ಧವಾದ ಹಳೆಯ ಪ್ರತಿ ಎತ್ತಿ ಕೊಡುತ್ತದೆ. ಕಳ್ಳನನ್ನೇ ನಿಲ್ಲಿಸಿ ಮನೆಯಲ್ಲಿ ಕಳ್ಳರಿದ್ದಾರಾ ಎಂದು ಕೇಳಿದ ಹಾಗೆ. ನೀವು ಕೊಳ್ಳಬೇಕೆಂದಿರುವ ಆಂಟಿವೈರಸ್ ಎಷ್ಟೇ ದುಬಾರಿಯಾದರೂ, ಅದು ಹೋಗಿ ಕೇಳುವುದು ಅದೇ ವಿಂಡೋಸನ್ನು. ಅದಕ್ಕೇ ‘ಯಾವುದು ಒಳ್ಳೆಯದು’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ.

ನಕಲಿ ಆಂಟಿವೈರಸ್ ಒಂಟಿಯಾಗಿ ಬರುವುದು ಕಡಿಮೆ ಎಂಬುದನ್ನೂ ತಿಳಿದಿರಿ. ಇದೊಂದು ವ್ಯಾಪಾರ. ಇಷ್ಟು ಕಂಪ್ಯೂಟರುಗಳಿಗೆ ಹಾಕಿಸಿದರೆ ಇಷ್ಟು ಕಮಿಷನ್ ಎಂದು ದಲ್ಲಾಳಿಗಳಿಗೆ ಕೊಡುವ ಪದ್ಧತಿ ಇದೆ. ಒಮ್ಮೆ ಬಾಗಿಲು ತೆರೆದವನು ಒಬ್ಬರದನ್ನೇ ಏಕೆ ಹಾಕಿಯಾನು? ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರಿನಲ್ಲಿ ಇನ್ನೊವೇಟಿವ್ ಮಾರ್ಕೆಟಿಂಗ್ ಎಂಬ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿತು. ವಿನ್‌ಫಿಕ್ಸರ್, ಎಕ್ಸ್‌ಪಿ ಆಂಟಿವೈರಸ್ ಇವೆಲ್ಲ ಅವರ ಸರಕೇ. ಮೋಸಹೋದವರು ಹತ್ತು ಲಕ್ಷಕ್ಕೂ ಹೆಚ್ಚು ಎಂದು ಆಯೋಗ ಹೇಳಿತು, 2012ರಲ್ಲಿ ನ್ಯಾಯಾಲಯ 16.3 ಕೋಟಿ ಡಾಲರ್ ಕಟ್ಟಿಸುವ ತೀರ್ಪು ಕೊಟ್ಟಿತು. ಇಷ್ಟು ದೊಡ್ಡ ದಂಧೆಯ ಎದುರು ಒಬ್ಬ ಹಿರಿಯರು ಒಂದು ಗುಂಡಿ ಒತ್ತಿದ್ದು ಏನೂ ಅಲ್ಲ.

ಈಗ ನಿಮ್ಮ ವಿಷಯ. ಇಂದಿನ 64 ಬಿಟ್ ವಿಂಡೋಸಿನಲ್ಲಿ ಸಹಿ ಇಲ್ಲದ ಡ್ರೈವರ್ ನಡೆಯುವುದಿಲ್ಲ, ಕಂಪ್ಯೂಟರ್ ಶುರುವಾಗುವಾಗಲೇ ತಂತ್ರಾಂಶದ ಸಹಿ ನೋಡುವ ಸೆಕ್ಯೂರ್ ಬೂಟ್ ಇದೆ, ಆದ್ದರಿಂದ ನಮಗೆ ಗಂಟುಬಿದ್ದಂಥ ರೂಟ್‌ಕಿಟ್ ಈಗ ಅಪರೂಪ. ಹಾಗೆಂದು ನಿಶ್ಚಿಂತರಾಗಬೇಡಿ. ಈಗಿನ ಕೆಟ್ಟ ತಂತ್ರಾಂಶಗಳು ಒಳಹೊಕ್ಕ ಕೆಲವೇ ನಿಮಿಷಗಳಲ್ಲಿ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ, ನೀವು ಲಾಗಿನ್ ಆಗಿದ್ದೀರಿ ಎಂದು ಸೈಟಿಗೆ ತಿಳಿಸುವ ಕುಕೀಗಳನ್ನೂ ಬಾಚಿಕೊಂಡು ಹೊರಗೆ ಕಳಿಸಿಬಿಡುತ್ತವೆ. ಕೆಲವು ಆಮೇಲೆ ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಸ್ಕ್ಯಾನ್ ಮಾಡಿದರೆ ಸಿಗಲು ಅಲ್ಲಿ ಏನೂ ಉಳಿದಿರುವುದೇ ಇಲ್ಲ. ಕುಕೀ ಕೈಗೆ ಸಿಕ್ಕರೆ ಪಾಸ್‌ವರ್ಡ್ ಇಲ್ಲದೆಯೂ ಖಾತೆಯೊಳಗೆ ಹೋಗಬಹುದು.

ಆದ್ದರಿಂದ ಮೊದಲು ಲ್ಯಾಪ್‌ಟಾಪಿನ ಇಂಟರ್ನೆಟ್ ಕಿತ್ತುಹಾಕಿ. ನಿಮ್ಮ ಫೋನಿನಿಂದ ಅಪ್ಪನ ಇಮೇಲ್ ಪಾಸ್‌ವರ್ಡ್ ಬದಲಿಸಿ, ಅದರಲ್ಲೇ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಹಾಕಿ. ಇಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಲು ಮರೆಯಬೇಡಿ. ಬರುವ ಪತ್ರಗಳ ಪ್ರತಿ ತಮಗೂ ಬರುವಂತೆ ಕಳ್ಳರು ಮಾಡಿಕೊಂಡಿರಬಹುದು, ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೇ ಉಳಿಯುತ್ತದೆ. ಆಮೇಲೆ ಬ್ಯಾಂಕು, ನಂತರ ಆ ಬ್ರೌಸರಿನಲ್ಲಿ ಉಳಿಸಿಟ್ಟ ಬಾಕಿ ಎಲ್ಲ ಖಾತೆಗಳು. ಇಮೇಲೇ ಮೊದಲು ಏಕೆಂದರೆ ಉಳಿದೆಲ್ಲದರ ‘ಪಾಸ್‌ವರ್ಡ್ ಮರೆತಿದ್ದೇನೆ’ ಕೊಂಡಿ ಬರುವುದು ಅಲ್ಲಿಗೇ. ಹಣ ಕಟ್ಟಲೆಂದು ಅಪ್ಪ ಕಾರ್ಡ್ ಸಂಖ್ಯೆ ಹಾಕಿದ್ದರೆ ಕಾರ್ಡ್ ಬ್ಲಾಕ್ ಮಾಡಿಸಿ, ಆ ಪಾವತಿಯ ಮೇಲೆ ತಕರಾರು ಕೊಡಿ. ಆ ಪರದೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದರಾ ಎಂದು ಮೆತ್ತಗೆ ಕೇಳಿ. ಮಾಡಿದ್ದರೆ ಅವರ ಮಾತಿನಂತೆ ಎನಿಡೆಸ್ಕ್‌ನಂಥ ದೂರದಿಂದ ಹಿಡಿತ ಕೊಡುವ ತಂತ್ರಾಂಶ ಹಾಕಿರಬಹುದು. ಮೈಕ್ರೋಸಾಫ್ಟಿನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಎಂದಿಗೂ ಇರುವುದಿಲ್ಲ.

ಅದಾದ ಮೇಲೆ ಫೋಟೊ, ಕಾಗದಪತ್ರಗಳನ್ನು ಮಾತ್ರ ಪೆನ್ ಡ್ರೈವಿಗೆ ತೆಗೆದುಕೊಳ್ಳಿ. ಇಎಕ್ಸ್‌ಇ, ಇನ್‌ಸ್ಟಾಲರ್ ಯಾವುದೂ ಬೇಡ. ಬೇರೆ ಕಂಪ್ಯೂಟರಿನಲ್ಲಿ, 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಮತ್ತೊಂದು ಪೆನ್ ಡ್ರೈವಿಗೆ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಹಾಕಿ, ಅದರಿಂದ ಬೂಟ್ ಮಾಡಿ, ಹಳೆಯ ಪಾರ್ಟಿಷನ್‌ಗಳನ್ನು (ಡಿಸ್ಕಿನ ವಿಭಾಗಗಳನ್ನು) ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಅಷ್ಟಕ್ಕೆಲ್ಲ ಫಾರ್ಮ್ಯಾಟ್ ಯಾಕೆ ಎಂದು ಗೊತ್ತಿರುವವರು ಕೇಳುತ್ತಾರೆ. ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಇದೆಯಲ್ಲ, ಕಾಲು ಗಂಟೆಯ ಕೆಲಸ ಎನ್ನುತ್ತಾರೆ. ಅದು ವಿಂಡೋಸ್ ತೆರೆಯುವ ಮೊದಲೇ ಹೊರಗಿನಿಂದ ನೋಡುವುದರಿಂದ ಮಾಮೂಲು ಸ್ಕ್ಯಾನಿಗಿಂತ ಎಷ್ಟೋ ಮೇಲು, ನಿಜ. ಆದರೆ ಅದು ‘ಏನೂ ಇಲ್ಲ’ ಎಂದರೆ ಆ ಲ್ಯಾಪ್‌ಟಾಪಿನಲ್ಲಿ ನಿಮ್ಮ ಅಪ್ಪ ಬ್ಯಾಂಕಿನ ಪಾಸ್‌ವರ್ಡ್ ಒತ್ತುವುದನ್ನು ನೀವು ನಿಶ್ಚಿಂತೆಯಿಂದ ನೋಡಬಲ್ಲಿರಾ? ನನ್ನಿಂದಾಗದು. ಒಂದು ಮಧ್ಯಾಹ್ನ ಹೋದರೆ ಹೋಗಲಿ.

ಏನೂ ಡೌನ್‌ಲೋಡ್ ಆಗದೆ, ಪರದೆಯ ಮೂಲೆಯಲ್ಲಿ ಬರೀ ಸೂಚನೆಗಳು ಏಳುತ್ತಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ. ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎನ್ನುವ ಸೈಟುಗಳು ಬ್ರೌಸರಿನ ನೋಟಿಫಿಕೇಷನ್ ಅನುಮತಿ ಗಿಟ್ಟಿಸಿಕೊಂಡು ಅಂಥವನ್ನು ಕಳಿಸುತ್ತವೆ. ಸೈಟ್ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿ ತೆಗೆದರೆ ಮುಗಿಯಿತು. ನಿಮ್ಮಲ್ಲಿ ಫೈಲ್ ಇಳಿದು ಓಡಿದೆ, ಹಾಗಾಗಿ ಆ ಸುಲಭದ ದಾರಿ ನಿಮಗಿಲ್ಲ.

ಹೊಸ ವಿಂಡೋಸಿಗೆ ಹಣ ಕೊಟ್ಟು ಆಂಟಿವೈರಸ್ ಹಾಕುವುದೂ ಬೇಡ. ಜೊತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕು. ಅದಕ್ಕಿಂತ ಉಪಯೋಗದ ಕೆಲಸವೆಂದರೆ ಅಪ್ಪನ ದಿನಬಳಕೆಗೆ ಅಡ್ಮಿನ್ ಅಲ್ಲದ ಖಾತೆ ಮಾಡಿಕೊಡುವುದು, ಬ್ರೌಸರಿಗೆ ಯೂಬ್ಲಾಕ್ ಒರಿಜಿನ್ ಲೈಟ್‌ನಂಥ ಜಾಹೀರಾತು ತಡೆ ಹಾಕುವುದು. ಅಂಥ ಪುಟಗಳು ಬಹಳಷ್ಟು ಸಲ ಜಾಹೀರಾತಿನ ದಾರಿಯಲ್ಲೇ ಬರುತ್ತವೆ. ಪರದೆ ತುಂಬಿಕೊಂಡರೆ ಎಸ್ಕೇಪ್ ಗುಂಡಿ ಒತ್ತಿ ಹಿಡಿಯುವುದನ್ನು, ಅದೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನೇ ಮುಚ್ಚುವುದನ್ನು ಒಮ್ಮೆ ಅವರ ಕೈಯಲ್ಲೇ ಮಾಡಿಸಿ. ಹಾಗೆಯೇ ಹೊಸ ಬ್ರೌಸರಿಗೆ ಅಪ್ಪನ ಹಳೆಯ ಖಾತೆಯಿಂದ ಲಾಗಿನ್ ಆದ ಕೂಡಲೇ ಹಳೆಯ ಎಕ್ಸ್‌ಟೆನ್ಷನ್‌ಗಳೂ (ಬ್ರೌಸರಿಗೆ ಸೇರಿಸಿದ ಚಿಕ್ಕ ಪ್ರೋಗ್ರಾಂಗಳು) ಸಿಂಕ್ ಆಗಿ ವಾಪಸ್ ಬರುತ್ತವೆ. ಅವರು ತಾವೇ ಹಾಕಿದ್ದಲ್ಲ ಎನ್ನುವ ಯಾವುದಾದರೂ ಆ ಪಟ್ಟಿಯಲ್ಲಿದ್ದರೆ ಅಲ್ಲೇ ತೆಗೆದುಹಾಕಿ.