ಮುಖತಃ ಸಿಗುವ ಲೋಕಕ್ಕೆ ಏನೆನ್ನಬೇಕು?

ಪ್ರಶ್ನೆ: ವರ್ಷಗಳಿಂದ ಆನ್‌ಲೈನ್‌ನಲ್ಲಷ್ಟೇ ಪರಿಚಯವಿರುವ ಗೆಳೆಯರೊಬ್ಬರು ‘ಒಮ್ಮೆ ಮೀಟ್‌ಸ್ಪೇಸ್‌ನಲ್ಲಿ ಸಿಗೋಣ’ ಎಂದು ಕನ್ನಡದಲ್ಲಿ ಬರೆದಿದ್ದಾರೆ. ಅದು ಸಭೆ ಸೇರುವ ಜಾಗವೇ? ಕನ್ನಡದಲ್ಲಿ ಇದಕ್ಕೆ ಏನೆನ್ನಬಹುದು?

ಉತ್ತರ: ಕನ್ನಡ ಲಿಪಿಯಲ್ಲಿ ಭೇಟಿಯ ‘ಮೀಟ್’ಗೂ ಮಾಂಸದ ‘ಮೀಟ್’ಗೂ ವ್ಯತ್ಯಾಸ ಕಾಣದಿರುವುದರಿಂದ ನಿಮಗೆ ಹಾಗೆ ತೋರಿದ್ದು ಸಹಜ. ಇಲ್ಲಿರುವುದು ಮಾಂಸ. ರಕ್ತಮಾಂಸದ ಮೈ ಹೊತ್ತು ನಾವು ನಡೆದಾಡುವ ಜಗತ್ತಿಗೆ ಅಂತರ್ಜಾಲದ ಮಂದಿ ಇಟ್ಟ ಅಡ್ಡಹೆಸರು ಇದು. ಗಣಕಜಾಲದೊಳಗಿನ ಲೋಕವನ್ನು ಸೂಚಿಸುವ ‘ಸೈಬರ್‌ಸ್ಪೇಸ್’ ಎಂಬ ಪದಕ್ಕೆ ಎದುರಾಗಿ 1990ರ ದಶಕದಲ್ಲಿ ಬಳಕೆಗೆ ಬಂತು. ಸೈಬರ್‌ಸ್ಪೇಸ್ ಎಂಬ ಪದವನ್ನು 1982ರ ಕಥೆಯೊಂದರಲ್ಲಿ ಬಳಸಿದ ವಿಲಿಯಂ ಗಿಬ್ಸನ್, 1984ರ ‘ನ್ಯೂರೋಮ್ಯಾನ್ಸರ್’ ಕಾದಂಬರಿಯ ಮೂಲಕ ಅದನ್ನು ಎಲ್ಲೆಡೆ ಹರಡಿದರು. ಆ ಕಾದಂಬರಿಯ ನಾಯಕ ಕೇಸ್‌ಗೆ ಗಣಕಜಾಲದೊಳಗಿನ ಸಂಚಾರವೇ ಬದುಕು, ತನ್ನ ದೇಹವೆಂದರೆ ಬರಿಯ ಮಾಂಸ. ಮೀಟ್‌ಸ್ಪೇಸ್ ಎಂಬ ಪದದಲ್ಲಿ ಇಂದಿಗೂ ಆ ತಾತ್ಸಾರದ ವಾಸನೆ ಉಳಿದಿದೆ.

ಇದಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ‘ಐಆರ್‌ಎಲ್’ (ಇನ್ ರಿಯಲ್ ಲೈಫ್), ಅಂದರೆ ‘ನಿಜಜೀವನದಲ್ಲಿ’. ಈ ಪದ ದೇಹವನ್ನು ಹೀಗಳೆಯುವುದಿಲ್ಲ, ಆದರೆ ಆನ್‌ಲೈನ್‌ನಲ್ಲಿ ನಡೆದದ್ದೆಲ್ಲ ನಿಜವಲ್ಲವೆಂದು ಸೂಚಿಸಿಬಿಡುತ್ತದೆ. 2009ರಲ್ಲಿ ಸ್ವೀಡನ್ನಿನ ನ್ಯಾಯಾಲಯದಲ್ಲಿ ಕಡತ ಹಂಚಿಕೆಯ ‘ಪೈರೇಟ್ ಬೇ’ ಜಾಲತಾಣದ ವಿಚಾರಣೆ ನಡೆದಾಗ, ಅದರ ಸಹಸ್ಥಾಪಕ ಪೀಟರ್ ಸುಂಡೆ ಇದೇ ಕಾರಣಕ್ಕೆ ಆ ಪದವನ್ನು ಒಪ್ಪದೆ, ತಾವು ಬಳಸುವುದು ‘ಎಎಫ್‌ಕೆ’ ಎಂದೂ ಅಂತರ್ಜಾಲವೂ ನಿಜವೆಂದೇ ತಾವು ಭಾವಿಸುವುದಾಗಿಯೂ ಹೇಳಿದರು. ಎಎಫ್‌ಕೆ ಎಂದರೆ ‘ಅವೇ ಫ್ರಮ್ ಕೀಬೋರ್ಡ್’, ಕೀಲಿಮಣೆಯಿಂದ ದೂರ. ಹರಟೆಯ ನಡುವೆ ಯಾರೋ ಬಾಗಿಲು ತಟ್ಟಿದಾಗ ಆ ಮೂರಕ್ಷರ ಒತ್ತಿ ಎದ್ದು ಹೋಗುತ್ತಿದ್ದರು. ಕುರ್ಚಿ ಖಾಲಿ, ತೆರೆಯ ಮೇಲೆ ಕರ್ಸರ್ ಮಿನುಗುತ್ತಲೇ ಇರುತ್ತಿತ್ತು. ಎದ್ದವರು ಒಂದು ಲೋಕದಿಂದ ಇನ್ನೊಂದಕ್ಕೆ ಹೋಗಲಿಲ್ಲ, ಕುಳಿತ ಜಾಗ ಬಿಟ್ಟರು, ಅಷ್ಟೆ. ಈ ಪದಗಳ ಪೈಕಿ ಇದೇ ಪ್ರಾಮಾಣಿಕವಾದದ್ದೆಂದು ನನಗೆ ಅನಿಸುತ್ತದೆ.

ಇನ್ನು ಕನ್ನಡದ ಮಾತು. ‘ಮಾಂಸಲೋಕ’ ಎಂದು ಪದಕ್ಕೆ ಪದ ಇಟ್ಟರೆ ಓದುವವರಿಗೆ ಮುಜುಗರವಾಗುತ್ತದೆಯೇ ಹೊರತು ಅರ್ಥವಾಗುವುದಿಲ್ಲ. ‘ನಿಜಜೀವನ’ವೂ ನನಗೆ ಒಪ್ಪಿಗೆಯಿಲ್ಲ: ಎಂದೂ ಕಾಣದ ಗೆಳೆಯರ ಸಾವಿನ ಸುದ್ದಿಯನ್ನು ಫೋನಿನಲ್ಲಿ ಓದಿ ಅತ್ತವರ ದುಃಖವನ್ನು ಸುಳ್ಳೆನ್ನಲು ಯಾರಿಗೂ ಬಾಯಿ ಬರದು. ಅಂತರ್ಜಾಲಕ್ಕಿಂತ ಬಹಳ ಹಿಂದೆ, ಪತ್ರದಲ್ಲಿ ಹೇಳಿದ್ದನ್ನೂ ಎದುರು ಕೂತು ಹೇಳಿದ್ದನ್ನೂ ಬೇರ್ಪಡಿಸಲು ಕನ್ನಡ ಬಳಸುತ್ತಿದ್ದ ‘ಮುಖತಃ’, ‘ಖುದ್ದಾಗಿ’ ಎಂಬ ಮಾತುಗಳು ಇಲ್ಲಿಗೂ ಸಾಕು. ಅವು ಎರಡು ಲೋಕಗಳನ್ನು ಕಟ್ಟದೆ, ಭೇಟಿಯ ಬಗೆಯನ್ನಷ್ಟೇ ತಿಳಿಸುತ್ತವೆ. ನಿಮ್ಮ ಗೆಳೆಯರಿಗೆ ‘ಆಗಲಿ, ಮುಖತಃ ಸಿಗೋಣ’ ಎಂದು ಬರೆಯಿರಿ.